ಮಗ ಆಡುವ ಆಟದಲ್ಲಿ ಏನಿದೆ?

ನಿಮ್ಮ ಮನೆಯಲ್ಲಿ ಹದಿಹರೆಯದ ಮಗನಿದ್ದರೆ ಅವನ ಮುಖಕ್ಕಿಂತ ಬೆನ್ನೇ ನಿಮಗೆ ಹೆಚ್ಚು ಪರಿಚಯವಿರುತ್ತದೆ. ಕಂಪ್ಯೂಟರಿನ ಮುಂದೆ ಬಾಗಿ ಕುಳಿತ ಬೆನ್ನು. ಮುಖ ಕಾಣುವುದು ಊಟಕ್ಕೆ ಕರೆದಾಗ, ಅದೂ ಮೂರನೆಯ ಸಲ ಕರೆದ ಮೇಲೆ. ನಮ್ಮ ಮನೆಯ ಕಥೆಯೂ ಬೇರೆಯಲ್ಲ.

ಕಳೆದ ವರ್ಷ ಒಂದು ಸಂಜೆ ಚಹಾ ಕೊಡಲೆಂದು ಅವನ ಕೋಣೆಗೆ ಹೋದೆ. ಪರದೆಯ ಮೇಲೆ ಎತ್ತರದ ಕಟ್ಟಡವೊಂದರ ಬಾಲ್ಕನಿ. ದೂರದಲ್ಲಿ ತಗಡಿನ ಒಂದು ಪುಟ್ಟ ಊರು. ಮಗ ಒಂದು ಗುಂಡಿ ಒತ್ತಿದ. ಕಣ್ಣು ಕುಕ್ಕುವ ಬೆಳಕು, ಅದರ ಹಿಂದೆಯೇ ಅಣಬೆಯಾಕಾರದ ಹೊಗೆ. ಊರಿದ್ದ ಜಾಗದಲ್ಲಿ ಊರಿರಲಿಲ್ಲ.

"ಏನೋ ಅದು?" ಎಂದೆ.

"ಮೆಗಾಟನ್ ಅಂತ ಒಂದು ಊರು ಉಮ್ಮಾ."

"ಅದರಲ್ಲಿ ಜನ ಇರಲಿಲ್ಲವೇ?"

"ಇದ್ದರು."

"ಸುಟ್ಟದ್ದು ಯಾರು?"

"ನಾನೇ. ಹೆದರಬೇಡಿ ಉಮ್ಮಾ, ಮೊದಲೇ ಸೇವ್ ಮಾಡಿ ಇಟ್ಟಿದ್ದೇನೆ."

ಸೇವ್ ಮಾಡಿ ಇಡುವುದೆಂದರೆ ಆಟ ಎಲ್ಲಿಯವರೆಗೆ ಬಂದಿದೆಯೋ ಅಲ್ಲಿಗೊಂದು ಗುರುತು ಹಾಕಿ ಕಾಪಿಡುವುದು. ಬೇಕೆನಿಸಿದರೆ ಆ ಗುರುತಿಗೆ ಮರಳಬಹುದು; ಸುಟ್ಟ ಊರು ಮತ್ತೆ ಇದ್ದ ಹಾಗೆಯೇ ಇರುತ್ತದೆ. ನನಗೆ ಆಗ ಇದು ತಿಳಿದಿರಲಿಲ್ಲ. ಟಿ.ವಿ.ಯಲ್ಲಿ ದಿನವೂ ನಿಜವಾಗಿ ಸುಟ್ಟ ಊರುಗಳನ್ನು, ಅವಶೇಷಗಳಡಿಯಿಂದ ಮಕ್ಕಳನ್ನು ಎತ್ತಿ ತರುವುದನ್ನು ನೋಡುತ್ತಿದ್ದ ದಿನಗಳವು. ಏನೂ ಮಾತನಾಡದೆ ಕಂಪ್ಯೂಟರಿನ ವೈರನ್ನೇ ಕಿತ್ತೆ. ಮಗ ಎರಡು ದಿನ ನನ್ನೊಡನೆ ಮಾತು ಬಿಟ್ಟ.

ಆ ಎರಡು ದಿನ ನನಗೂ ಯೋಚಿಸಲು ಸಮಯ ಸಿಕ್ಕಿತು. ಓದದ ಪುಸ್ತಕದ ಬಗ್ಗೆ ಅಭಿಪ್ರಾಯ ಬರೆಯಬೇಡಿ ಎಂದು ತರಗತಿಯಲ್ಲಿ ಮಕ್ಕಳಿಗೆ ಹೇಳುವವಳು ನಾನು. ನೋಡದ ಆಟಕ್ಕೆ ನಾನೇ ತೀರ್ಪು ಕೊಟ್ಟಿದ್ದೆನಲ್ಲ! ಮೂರನೆಯ ದಿನ ಅವನ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಕೊಂಡು ಕುಳಿತೆ. ಬಳಿಕ ಹಲವು ದಿನ ಈ ಆಟದ ಹುಟ್ಟು, ಬೆಳವಣಿಗೆಯನ್ನೆಲ್ಲ ಹುಡುಕಿ ಓದಿದೆ. ತಿಳಿದುದನ್ನು ನಿಮ್ಮೊಡನೆ ಹಂಚಿಕೊಳ್ಳಬೇಕು ಅನಿಸಿತು. ಏಕೆಂದರೆ ಇಂಥ ಆಟ ನಿಮ್ಮ ಮನೆಗೂ ಬಂದಿರಬಹುದು, ಇಲ್ಲವಾದರೆ ಬರಲಿದೆ.

ಆಟದ ಹೆಸರು ಫಾಲೌಟ್ 3. ಅಣುಬಾಂಬ್ ಸಿಡಿದ ಮೇಲೆ ಆಕಾಶದಿಂದ ಕೆಳಗಿಳಿಯುವ ವಿಷದ ಧೂಳಿಗೆ ಇಂಗ್ಲಿಷಿನಲ್ಲಿ ಫಾಲೌಟ್ ಎನ್ನುತ್ತಾರೆ. ಇದು ರೋಲ್ ಪ್ಲೇಯಿಂಗ್ ಗೇಮ್ ಎಂಬ ಜಾತಿಗೆ ಸೇರಿದ್ದು. ಅಂದರೆ ಓಡುವುದು, ಹಾರುವುದು, ಗುಂಡು ಹಾರಿಸುವುದು ಇದ್ದರೂ ಮುಖ್ಯವಾದದ್ದು ಅದಲ್ಲ. ಆಡುವವನು ಒಂದು ಪಾತ್ರವಾಗಿ ಆ ಲೋಕಕ್ಕೆ ಹೋಗುತ್ತಾನೆ. ಎದುರಾದವರೊಡನೆ ಮಾತನಾಡುತ್ತಾನೆ. ಸುಳ್ಳು ಹೇಳಬಹುದು, ಸಹಾಯ ಮಾಡಬಹುದು, ಕದಿಯಬಹುದು, ಬಿಟ್ಟು ಹೋಗಬಹುದು. ಅವನು ಏನು ಮಾಡಿದನೋ ಅದನ್ನು ಆ ಲೋಕ ನೆನಪಿಟ್ಟುಕೊಳ್ಳುತ್ತದೆ. ಕಥೆ ನಡೆಯುವುದು ಲೋಕವೆಲ್ಲ ನಾಶವಾದ ಮೇಲೆ. ಮದ್ರಸದಲ್ಲಿ ಕಲಿತ ನಮಗೆ ಲೋಕಾಂತ್ಯವೆಂದರೆ ಕಿಯಾಮತ್ ನೆನಪಾಗುತ್ತದೆ. ಇಲ್ಲಿರುವುದು ಅದಲ್ಲ. ಮನುಷ್ಯ ತನ್ನ ಕೈಯಿಂದಲೇ ತಂದುಕೊಂಡ ನಾಶ ಇದು. ಅದಾದ ಮೇಲೂ ಅಲ್ಲಲ್ಲಿ ಜನ ಉಳಿದಿರುತ್ತಾರೆ, ಅವರಿಗೆ ಹಸಿವೆ ಬಾಯಾರಿಕೆಗಳಿರುತ್ತವೆ.

ಇಂಥ ಆಟಗಳ ಅಜ್ಜ ಎನ್ನಬಹುದಾದದ್ದು 1988ರಲ್ಲಿ ಅಮೆರಿಕದಲ್ಲಿ ಬಂದ ವೇಸ್ಟ್‌ಲ್ಯಾಂಡ್. ತಯಾರಿಸಿದ್ದು ಇಂಟರ್‌ಪ್ಲೇ ಎಂಬ ಕಂಪೆನಿ. ಅಂದಿನ ಫ್ಲಾಪಿ ಡಿಸ್ಕಿನಲ್ಲಿ ಜಾಗ ಬಹಳ ಕಡಿಮೆ. ಕಥೆಯ ಮಾತುಗಳೆಲ್ಲ ಅದರಲ್ಲಿ ಹಿಡಿಸುತ್ತಿರಲಿಲ್ಲ. ಅದಕ್ಕೆ ಅವರು ಕಂಡುಕೊಂಡ ಉಪಾಯ ಕೇಳಿದರೆ ನಿಮಗೆ ನಗು ಬರಬಹುದು. ಕಥೆಯ ಭಾಗಗಳನ್ನು ಸಂಖ್ಯೆ ಹಾಕಿ ಒಂದು ಪುಸ್ತಿಕೆಯಲ್ಲಿ ಅಚ್ಚು ಮಾಡಿ ಆಟದ ಜೊತೆಗೇ ಕೊಟ್ಟರು. ಆಡುವಾಗ ಪರದೆಯ ಮೇಲೆ 'ಇಂಥ ಸಂಖ್ಯೆಯ ಭಾಗ ಓದಿ' ಎಂದು ಬರುತ್ತಿತ್ತು. ಹುಡುಗರು ಸುಮ್ಮನಿರುತ್ತಾರೆಯೇ? ಮೊದಲೇ ಪುಟ ತಿರುವಿ ಎಲ್ಲ ಓದಿಬಿಡುತ್ತಾರೆ. ಅದನ್ನು ಊಹಿಸಿದ್ದ ತಯಾರಕರು ಪುಸ್ತಿಕೆಯ ನಡುವೆ ಬೇಕೆಂದೇ ಸುಳ್ಳು ಭಾಗಗಳನ್ನೂ ಸೇರಿಸಿದ್ದರು. ಕದ್ದು ಓದಿದವನು ದಾರಿ ತಪ್ಪಲಿ ಎಂದು! ಗೈಡ್ ನೋಡಿ ಉತ್ತರ ಬರೆಯುವ ನನ್ನ ವಿದ್ಯಾರ್ಥಿಗಳಿಗೆ ಇದನ್ನು ಹೇಳಿದೆ. ಅವರಿಗೆ ನಗು ಬರಲಿಲ್ಲ.

ಅದೇ ಇಂಟರ್‌ಪ್ಲೇಯಲ್ಲಿ 1994ರಲ್ಲಿ ಟಿಮ್ ಕೇನ್ ಎಂಬ ತರುಣನೊಬ್ಬ ಹೊಸ ಆಟಕ್ಕೆ ಬೇಕಾದ ಪ್ರೋಗ್ರಾಂ ಬರೆಯಲು ತೊಡಗಿದ. ಮೊದಮೊದಲು ಅವನೊಬ್ಬನೇ. ಹಣವಿಲ್ಲ, ತಂಡವಿಲ್ಲ. ಕೆಲಸದ ಸಮಯ ಮುಗಿದ ಮೇಲೆ ಪಿಜ್ಜಾ ತರಿಸಿಡುತ್ತೇನೆ, ಆಸಕ್ತಿಯಿದ್ದವರು ಬಂದು ಕುಳಿತು ಮಾತನಾಡಿ ಎಂದು ಸಹೋದ್ಯೋಗಿಗಳನ್ನು ಕರೆದ. ಬಂದವರು ಕೆಲವರೇ. ಅವರಿಂದಲೇ ತಂಡ ಬೆಳೆಯಿತು. ಕೊನೆಗೆ ಸುಮಾರು ಮೂವತ್ತು ಮಂದಿಯಾದರು. ವೇಸ್ಟ್‌ಲ್ಯಾಂಡ್ ಹೆಸರು ಬಳಸುವ ಹಕ್ಕು ಬೇರೊಂದು ಕಂಪೆನಿಯ ಕೈಯಲ್ಲಿತ್ತು. ಹಾಗಾಗಿ ಹೊಸ ಲೋಕ, ಹೊಸ ಹೆಸರು. ಮಾತನಾಡುವ ಮುಖ್ಯ ಪಾತ್ರಗಳ ತಲೆಗಳನ್ನು ಜೇಡಿಮಣ್ಣಿನಲ್ಲಿ ಕೈಯಿಂದ ಮಾಡಿ, ಆ ಬಳಿಕ ಕಂಪ್ಯೂಟರಿಗೆ ಇಳಿಸಿದರಂತೆ. ಒಂದೊಂದು ಮುಖವೂ ತಿಂಗಳುಗಟ್ಟಲೆ ಕೆಲಸ ಬೇಡುತ್ತಿತ್ತು. ಮಣ್ಣಿನ ಮುಖಕ್ಕೆ ಜೀವ ಬರುವುದನ್ನು ಕಾಯುತ್ತಾ ಕುಳಿತ ಆ ಕಲಾವಿದರ ತಾಳ್ಮೆ ನನಗೆ ಮೆಚ್ಚುಗೆಯಾಯಿತು.

ಆಟದ ನಿಯಮಗಳಿಗಾಗಿ ಅವರು ಸ್ಟೀವ್ ಜಾಕ್ಸನ್ ಎಂಬವರ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಿದ್ದರು. 1997ರ ಆರಂಭದಲ್ಲಿ ಆ ಒಪ್ಪಂದ ಮುರಿಯಿತು. ಆಟದ ಆರಂಭದ ದೃಶ್ಯದಲ್ಲಿ ಸೈನಿಕನೊಬ್ಬ ಸೆರೆಯಾಳನ್ನು ಗುಂಡಿಕ್ಕಿ ಕೊಲ್ಲುತ್ತಾನೆ; ಜಾಕ್ಸನ್‌ಗೆ ಆ ಕ್ರೌರ್ಯ ಒಪ್ಪಿಗೆಯಾಗಲಿಲ್ಲ. ಆಟ ಬಹುಮಟ್ಟಿಗೆ ಸಿದ್ಧವಾಗಿದ್ದಾಗ ನಿಯಮಗಳೇ ಕೈತಪ್ಪಿದವು. ತಂಡದವರು ತರಾತುರಿಯಲ್ಲಿ ತಮ್ಮದೇ ನಿಯಮ ಕಟ್ಟಿದರು. ಪ್ರತಿ ಪಾತ್ರಕ್ಕೂ ಏಳು ಗುಣಗಳು: ಬಲ, ಗ್ರಹಣಶಕ್ತಿ, ತಾಳಿಕೆ, ಜನರನ್ನು ಒಲಿಸುವ ಗುಣ, ಬುದ್ಧಿ, ಚುರುಕು, ಅದೃಷ್ಟ. ಎಲ್ಲವೂ ಒಬ್ಬನಿಗೇ ತುಂಬಿ ಬರುವುದಿಲ್ಲ. ಒಂದನ್ನು ಹೆಚ್ಚಿಸಿಕೊಂಡರೆ ಇನ್ನೊಂದನ್ನು ಕಡಿಮೆ ಮಾಡಿಕೊಳ್ಳಬೇಕು. ಬುದ್ಧಿಯನ್ನು ತೀರಾ ಕಡಿಮೆ ಇಟ್ಟುಕೊಂಡವನ ಬಾಯಿಂದ ಸರಿಯಾದ ಮಾತೇ ಹೊರಡುವುದಿಲ್ಲ. ಎದುರಿಗಿರುವವರು ಅವನನ್ನು ಕನಿಕರದಿಂದಲೋ ತಾತ್ಸಾರದಿಂದಲೋ ನೋಡುತ್ತಾರೆ. ಬಲವೊಂದಿದ್ದರೆ ಸಾಕು ಎಂದುಕೊಂಡ ನನ್ನ ಮಗನಿಗೆ ಈ ಅನುಭವ ಬೇಗನೇ ಆಯಿತು.

1997ರ ಅಕ್ಟೋಬರದಲ್ಲಿ ಹೊರಬಂದ ಆ ಮೊದಲ ಫಾಲೌಟ್‌ನ ಕಥೆಯನ್ನು ನೀವು ಕೇಳಲೇಬೇಕು. 2077ರ ಅಕ್ಟೋಬರ 23ರಂದು ಲೋಕದ ದೇಶಗಳು ಒಂದರ ಮೇಲೊಂದು ಅಣುಬಾಂಬ್ ಹಾಕುತ್ತವೆ. ಎರಡೇ ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ. ಕೆಲವರು ಮಾತ್ರ ನೆಲದಡಿಯ ಭದ್ರ ಕೋಣೆಗಳಲ್ಲಿ ಉಳಿದುಕೊಂಡು ಅಲ್ಲಿಯೇ ತಲೆಮಾರುಗಳನ್ನು ಕಳೆಯುತ್ತಾರೆ. 2161ರಲ್ಲಿ ಅಂಥ ಒಂದು ಕೋಣೆಯಲ್ಲಿ ನೀರು ಶುದ್ಧ ಮಾಡುವ ಯಂತ್ರದ ಬಿಡಿಭಾಗ ಕೆಡುತ್ತದೆ. ಬೇರೊಂದನ್ನು ತರಲು ಒಬ್ಬನನ್ನು ಹೊರಗೆ ಕಳುಹಿಸುತ್ತಾರೆ. ಅವಧಿ 150 ದಿನ. ತಡವಾದರೆ ಒಳಗಿರುವವರೆಲ್ಲ ನೀರಿಲ್ಲದೆ ಸಾಯುತ್ತಾರೆ. ಎಲ್ಲಿಯೂ ನಿಧಿಯಿಲ್ಲ, ರಾಜಕುಮಾರಿಯಿಲ್ಲ. ಬೇಕಾಗಿರುವುದು ಕುಡಿಯುವ ನೀರು. ಏಪ್ರಿಲ್ ತಿಂಗಳಲ್ಲಿ ಬಾವಿಯ ತಳ ಕಂಡವರಿಗೆ ಈ ಕಥೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಹೊರಟವನು ಕಷ್ಟಪಟ್ಟು ಆ ಭಾಗವನ್ನು ತರುತ್ತಾನೆ. ದೊಡ್ಡ ಶತ್ರುವನ್ನೂ ಗೆಲ್ಲುತ್ತಾನೆ. ಕೊನೆಗೆ ಮನೆಯ ಬಾಗಿಲಿಗೆ ಬಂದಾಗ ಅಲ್ಲಿನ ಮುಖಂಡ ಏನು ಹೇಳುತ್ತಾನೆ ಗೊತ್ತೇ? ನೀನು ನಮ್ಮನ್ನು ಉಳಿಸಿದೆ, ಆದರೆ ನೀನು ಒಳಗೆ ಬಂದರೆ ನಮ್ಮ ಮಕ್ಕಳೆಲ್ಲ ನಿನ್ನಂತಾಗಲು ಬಯಸಿ ಹೊರಗೆ ಹೋಗುತ್ತಾರೆ, ಆದ್ದರಿಂದ ನೀನು ಹೊರಟುಹೋಗು. ಅಷ್ಟು ದಿನ ಆಡಿದ ಹುಡುಗ ಮರುಭೂಮಿಯಲ್ಲಿ ಬೆನ್ನು ತಿರುಗಿಸಿ ನಡೆಯುವ ತನ್ನ ಪಾತ್ರವನ್ನು ನೋಡುತ್ತಾ ಕುಳಿತಿರಬೇಕಾಗುತ್ತದೆ. ಗಲ್ಫಿನಲ್ಲಿ ಇಪ್ಪತ್ತು ವರ್ಷ ದುಡಿದು ಮನೆಗೆ ಬಂದ ಮೇಲೆ ತನ್ನ ಮನೆಯಲ್ಲಿಯೇ ಅತಿಥಿಯಂತಾದ ಎಷ್ಟೋ ಗಂಡಸರನ್ನು ನಾನು ಬಲ್ಲೆ. ಈ ಕಥೆ ಬರೆದವರಿಗೆ ಅವರ ಪರಿಚಯವಿರಲಾರದು.

ಆ ದೊಡ್ಡ ಶತ್ರುವಿನ ಬಗ್ಗೆಯೂ ಒಂದು ಮಾತು. ಮನುಷ್ಯರನ್ನೆಲ್ಲ ರಾಕ್ಷಸಾಕಾರದ ಹೊಸ ಜೀವಿಗಳಾಗಿ ಬದಲಾಯಿಸಿದರೆ ಲೋಕಕ್ಕೆ ಶಾಂತಿ ಬರುತ್ತದೆ ಎಂದು ನಂಬಿದವನು ಅವನು. ಅವನನ್ನು ಗುಂಡು ಹಾರಿಸಿ ಕೊಲ್ಲಬಹುದು. ಗುಟ್ಟಾಗಿ ನುಗ್ಗಿ ಅವನ ಕೋಟೆಯನ್ನು ಸ್ಫೋಟಿಸಬಹುದು. ಮೂರನೆಯ ದಾರಿಯೂ ಇದೆ: ಮಾತು. ನೀನು ಸೃಷ್ಟಿಸಿದ ಈ ಜೀವಿಗಳಿಗೆ ಮಕ್ಕಳಾಗುವುದಿಲ್ಲ, ನಿನ್ನ ಯೋಜನೆಗೆ ಭವಿಷ್ಯವೇ ಇಲ್ಲ ಎಂದು ದಾಖಲೆ ಮುಂದಿಟ್ಟು ತೋರಿಸಿದರೆ ಅವನೇ ತನ್ನ ತಪ್ಪನ್ನು ಒಪ್ಪಿ ಎಲ್ಲವನ್ನೂ ಕೊನೆಗೊಳಿಸುತ್ತಾನೆ. ಹೋರಾಡಿ, ಅಡಗಿ, ಮಾತನಾಡಿ, ಹೀಗೆ ಬೇರೆ ಬೇರೆ ಸ್ವಭಾವದವರಿಗೆ ಬೇರೆ ಬೇರೆ ದಾರಿ ಇರಬೇಕೆಂಬುದು ತಯಾರಕರ ಯೋಚನೆಯಾಗಿತ್ತು.

ಇದನ್ನೆಲ್ಲ ಓದಿ ಆಟ ಪರಿಶುದ್ಧ ಎಂದುಕೊಳ್ಳಬೇಡಿ. ರಕ್ತ ಧಾರಾಳವಾಗಿದೆ. ಬೈಗುಳವಿದೆ, ಮಾದಕ ಪದಾರ್ಥಗಳಿವೆ. ಮೊದಲ ಎರಡು ಆಟಗಳಲ್ಲಿ ಮಕ್ಕಳ ಪಾತ್ರಗಳನ್ನೂ ಕೊಲ್ಲಲು ಸಾಧ್ಯವಿತ್ತು. ಹಾಗೆ ಮಾಡಿದವನಿಗೆ 'ಮಕ್ಕಳ ಹಂತಕ' ಎಂಬ ಕಳಂಕ ಅಂಟಿ, ಒಳ್ಳೆಯವರೆಲ್ಲ ಅವನನ್ನು ದ್ವೇಷಿಸುತ್ತಿದ್ದರು, ನಿಜ. ಆದರೂ ಯುರೋಪಿನ ಆವೃತ್ತಿಗಳಿಂದ ಮಕ್ಕಳನ್ನೇ ತೆಗೆಯಬೇಕಾಯಿತು. ನನಗೆ ಇದು ವಿಚಿತ್ರವಾಗಿ ಕಂಡಿತು. ಮಕ್ಕಳನ್ನು ಉಳಿಸಲು ಅವರನ್ನು ಇಲ್ಲವಾಗಿಸಿದ್ದು! ಮುಂದೆ ಫಾಲೌಟ್ 3ರಲ್ಲಿ ಬೇರೆ ದಾರಿ ಹಿಡಿದರು: ಮಕ್ಕಳಿದ್ದಾರೆ, ಅವರಿಗೆ ಯಾರೂ ಏನೂ ಮಾಡಲಾಗದು.

ಆ ಫಾಲೌಟ್ 3 ಹುಟ್ಟಿದ್ದು ಬೇರೆಯವರ ಕೈಯಲ್ಲಿ. ಮೂರನೆಯ ಆಟವೊಂದು ಇಂಟರ್‌ಪ್ಲೇಯಲ್ಲೇ ತಯಾರಾಗುತ್ತಿತ್ತು, ಆದರೆ ಹಣದ ಮುಗ್ಗಟ್ಟಿನಲ್ಲಿ 2003ರ ಡಿಸೆಂಬರದಲ್ಲಿ ಆ ತಂಡವನ್ನೇ ಮನೆಗೆ ಕಳುಹಿಸಿದರು. ಮುಂದಿನ ವರ್ಷ ವಾಷಿಂಗ್ಟನ್ ಬಳಿಯ ಬೆಥೆಸ್ಡಾ ಕಂಪೆನಿ ಆಟ ಮಾಡುವ ಹಕ್ಕು ಪಡೆಯಿತು. 2007ರಲ್ಲಿ 57 ಲಕ್ಷ 50 ಸಾವಿರ ಡಾಲರ್ ಕೊಟ್ಟು ಫಾಲೌಟ್ ಎಂಬ ಹೆಸರನ್ನೇ ಕೊಂಡುಕೊಂಡಿತು. ತಾವು ದಿನವೂ ಓಡಾಡುವ ವಾಷಿಂಗ್ಟನ್ ಪ್ರದೇಶವನ್ನೇ ಅವರು ಹಾಳೂರಾಗಿ ಚಿತ್ರಿಸಿದರು. 2008ರ ಅಕ್ಟೋಬರ 28ರಂದು ಅಮೆರಿಕದಲ್ಲಿ ಆಟ ಬಿಡುಗಡೆಯಾಯಿತು.

ಭಾರತದಲ್ಲಿ ಆಗಲಿಲ್ಲ. ಇಲ್ಲಿನ ಸಾಂಸ್ಕೃತಿಕ ಸೂಕ್ಷ್ಮತೆಗಳ ಕಾರಣದಿಂದ ಎಕ್ಸ್‌ಬಾಕ್ಸ್ ಆವೃತ್ತಿಯನ್ನು ಭಾರತದಲ್ಲಿ ಬಿಡುಗಡೆ ಮಾಡುವುದಿಲ್ಲವೆಂದು ಮೈಕ್ರೋಸಾಫ್ಟ್ ಅದೇ ತಿಂಗಳು ತಿಳಿಸಿತು. ಯಾವ ಸೂಕ್ಷ್ಮತೆ ಎಂದು ಬಿಡಿಸಿ ಹೇಳಲಿಲ್ಲ. ಆಟದಲ್ಲಿ ವಿಕಿರಣದಿಂದ ಎರಡು ತಲೆ ಮೂಡಿದ ಹಸುಗಳಿದ್ದು, ಅವುಗಳ ಹೆಸರು 'ಬ್ರಾಮಿನ್'. ಕಾರಣ ಅದೇ ಇರಬೇಕೆಂದು ಹಲವರು ಊಹಿಸಿದರು. ಅಮೆರಿಕದಲ್ಲಿ 'ಬ್ರಾಹ್ಮನ್' ಎಂಬ ಹೆಸರಿನ ನಿಜವಾದ ದನದ ತಳಿಯೇ ಇದೆ. ಭಾರತದಿಂದ ಹೋದ ಗಿರ್, ಒಂಗೋಲ್ ಮುಂತಾದ ತಳಿಗಳಿಂದ ಬೆಳೆಸಿದ್ದು. ಅವುಗಳ ಜೊತೆ ನಮ್ಮ ಉತ್ತರ ಕರ್ನಾಟಕದ ಕೃಷ್ಣಾ ಕಣಿವೆ ತಳಿಯೂ ಇತ್ತು. ಬೆಳಗಾವಿ, ವಿಜಯಪುರದ ಹೊಲದ ಎತ್ತಿನ ಬಂಧು ಟೆಕ್ಸಾಸಿಗೆ ಹೋಗಿ, ಅಲ್ಲಿಂದ ಆಟದೊಳಗೆ ಹೊಕ್ಕು, ಎರಡು ತಲೆ ಮೂಡಿಸಿಕೊಂಡು ತವರಿನ ಬಾಗಿಲಲ್ಲಿ ನಿಂತಾಗ ಒಳಗೆ ಬಿಡಲಿಲ್ಲ ಎನ್ನಬಹುದು. ಇರಲಿ, ಒಬ್ಬರ ಮನಸ್ಸು ನೋಯುವ ಹೆಸರನ್ನು ಪ್ರಾಣಿಗೆ ಇಡದಿದ್ದರೆ ಆಟಕ್ಕೇನೂ ನಷ್ಟವಾಗುತ್ತಿರಲಿಲ್ಲ. ಬಿಡುಗಡೆಯಾಗದ ಆಟ ನಮ್ಮ ಮನೆಗೆ ಹೇಗೆ ಬಂತು ಎನ್ನುತ್ತೀರಾ? ನನ್ನ ಅಣ್ಣನ ಮಗ ದುಬೈಯಿಂದ ಬರುವಾಗ ತಂದುಕೊಟ್ಟ ಹಳೆಯ ಕಂಪ್ಯೂಟರಿನಲ್ಲಿತ್ತು.

ಬೇರೆ ದೇಶಗಳಲ್ಲೂ ಕತ್ತರಿ ಆಡಿತು. ಆಟದಲ್ಲಿ ನೋವು ಮರೆಯಲು ಬಳಸುವ ಔಷಧಿಗೆ ಮಾರ್ಫಿನ್ ಎಂಬ ನಿಜವಾದ ಹೆಸರಿದ್ದುದಕ್ಕೆ ಆಸ್ಟ್ರೇಲಿಯಾ ತಡೆ ಹಾಕಿತು. ಕಂಪೆನಿ ಎಲ್ಲ ದೇಶಗಳಿಗೂ ಸೇರಿಸಿ ಆ ಹೆಸರನ್ನು ಬದಲಾಯಿಸಿತು. ಜಪಾನಿನದ್ದು ಇನ್ನೂ ಆಳವಾದ ನೋವು. ಆಟದ ಒಂದು ಆಯುಧಕ್ಕೆ 'ಫ್ಯಾಟ್ ಮ್ಯಾನ್' ಎಂದು ಹೆಸರಿತ್ತು. 1945ರಲ್ಲಿ ನಾಗಸಾಕಿಯ ಮೇಲೆ ಬಿದ್ದ ಬಾಂಬಿನ ಹೆಸರೂ ಅದೇ. ಜಪಾನಿನ ಆವೃತ್ತಿಯಲ್ಲಿ ಆ ಹೆಸರು ಹೋಯಿತು. ಅದರ ಜೊತೆಗೆ, ನನ್ನ ಮಗ ಒತ್ತಿದ ಆ ಗುಂಡಿಯೂ ಹೋಯಿತು. ಜಪಾನಿನ ಹುಡುಗ ಮೆಗಾಟನ್ ಊರನ್ನು ಸುಡಬೇಕೆಂದರೂ ಸುಡಲಾರ.

ಮೆಗಾಟನ್ ಎಂದರೆ ಏನೆಂದು ನಾನಿನ್ನೂ ಹೇಳಿಲ್ಲ. ಸಿಡಿಯದೆ ನೆಲದಲ್ಲಿ ಹೂತು ನಿಂತ ಅಣುಬಾಂಬ್ ಒಂದರ ಸುತ್ತ, ವಿಮಾನದ ತಗಡುಗಳಿಂದ ಕಟ್ಟಿಕೊಂಡ ಊರು ಅದು. ಜನ ಅಲ್ಲಿಯೇ ಅಂಗಡಿ ಇಟ್ಟಿದ್ದಾರೆ, ಮಕ್ಕಳನ್ನು ಸಾಕುತ್ತಿದ್ದಾರೆ. ಊರ ಯಜಮಾನ ನಮ್ಮ ಹುಡುಗನಿಗೆ, ಸಾಧ್ಯವಾದರೆ ಆ ಬಾಂಬನ್ನು ನಿಷ್ಕ್ರಿಯಗೊಳಿಸು ಎನ್ನುತ್ತಾನೆ. ಅದೇ ಊರಿನ ಹೆಂಡದಂಗಡಿಯಲ್ಲಿ ಕುಳಿತ ಒಬ್ಬ, ಸ್ಫೋಟಿಸಿದರೆ ಹೆಚ್ಚು ಹಣ ಕೊಡುತ್ತೇನೆ ಎನ್ನುತ್ತಾನೆ. ಏಕೆ ಸ್ಫೋಟಿಸಬೇಕು? ದೂರದ ಎತ್ತರದ ಕಟ್ಟಡದಲ್ಲಿ ವಾಸಿಸುವ ಶ್ರೀಮಂತನಿಗೆ ತನ್ನ ಬಾಲ್ಕನಿಯಿಂದ ಈ ಬಡ ಊರು ಕಾಣುವುದು ಇಷ್ಟವಿಲ್ಲ. ಅಷ್ಟೇ ಕಾರಣ.

ಪಕ್ಕದಲ್ಲಿ ಕುಳಿತು ಇದನ್ನು ಕೇಳಿದಾಗ ನನಗೆ ಸಿಟ್ಟಿನ ಜೊತೆಗೆ ಬೇರೊಂದು ವಿಚಾರವೂ ಹೊಳೆಯಿತು. ಕಚೇರಿಯ ಮೇಜಿನ ಮುಂದೆ ಕುಳಿತು ಯಾರೋ ತೀರ್ಮಾನಿಸಿದ್ದಾರೆ: ಈ ಹುಡುಗನಿಗೆ ಈ ಎರಡೂ ದಾರಿ ತೆರೆದಿಡೋಣ ಎಂದು. ಹೀಗೆ ದಾರಿ ತೆರೆದಿಟ್ಟವರು ಆ ಹುಡುಗನ ಪಕ್ಕದಲ್ಲಿ ಕುಳಿತು, ಏಕೆ ಹೀಗೆ ಮಾಡಿದೆ ಎಂದು ಕೇಳಲಾರರು. ಅವರು ಇರುವುದು ಅಮೆರಿಕದಲ್ಲಿ. ಅಡುಗೆಮನೆಯಲ್ಲಿ ಇರುವುದು ನಾನು, ನೀವು. 'ಎಷ್ಟು ಹೊತ್ತು ಆಡಿದೆ?' ಎಂಬುದೊಂದೇ ನಾನು ಅದುವರೆಗೆ ಅವನನ್ನು ಕೇಳುತ್ತಿದ್ದ ಪ್ರಶ್ನೆ.

ಹೊತ್ತಿನ ಪ್ರಶ್ನೆ ಮುಖ್ಯವಲ್ಲವೆಂದು ನಾನು ಹೇಳುತ್ತಿಲ್ಲ. ಆಟದ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ. 2022ರಿಂದ ಆ ಪಟ್ಟಿ ಜಾರಿಯಲ್ಲಿದೆ. ಆಟದ ಮೇಲೆ ಹಿಡಿತ ತಪ್ಪಿ, ಊಟ, ನಿದ್ದೆ, ಓದು ಕೆಟ್ಟರೂ ಬಿಡಲಾಗದೆ, ಸಾಮಾನ್ಯವಾಗಿ ವರ್ಷವಿಡೀ ಹಾಗೆಯೇ ನಡೆದರೆ ಅದು ರೋಗ. ರಜೆಯಲ್ಲಿ ಒಂದು ವಾರ ಆಟದಲ್ಲಿ ಮುಳುಗಿದ ಹುಡುಗನನ್ನು ರೋಗಿ ಎನ್ನಬೇಡಿ. ವಯಸ್ಸಿನ ಗುರುತನ್ನೂ ನೋಡಿಕೊಳ್ಳಿ. ಫಾಲೌಟ್ 3ಕ್ಕೆ ಅಮೆರಿಕದಲ್ಲಿ 17 ತುಂಬಿದವರಿಗೆ ಎಂಬ ಗುರುತಿದೆ, ಯುರೋಪಿನಲ್ಲಿ 18. ನನ್ನ ಮಗ ಆಗ ಎರಡನೇ ಪಿಯುಸಿ. ಎಂಟನೇ ತರಗತಿಯವನಾಗಿದ್ದರೆ ನಾನು ವೈರು ಕಿತ್ತದ್ದು ಸರಿಯೆಂದೇ ವಾದಿಸುತ್ತಿದ್ದೆ.

ಮುಂದಿನ ಆಟಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. 2015ರ ಫಾಲೌಟ್ 4ರಲ್ಲಿ ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡ ಒಬ್ಬರು, ಅಪಹರಣವಾದ ತಮ್ಮ ಹಸುಗೂಸನ್ನು ಹುಡುಕಿಕೊಂಡು ಹೊರಡುತ್ತಾರೆ. ಬೇಕಿದ್ದರೆ ನೀವು ತಾಯಿಯ ಪಾತ್ರವನ್ನೇ ಆರಿಸಿಕೊಳ್ಳಬಹುದು. ಪಾತ್ರಗಳ ಮಾತುಗಳನ್ನು ಧ್ವನಿ ಮುದ್ರಿಸಿದಾಗ ಒಟ್ಟು ಒಂದು ಲಕ್ಷ ಸಾಲುಗಳನ್ನು ದಾಟಿತ್ತು. 2018ರ ಫಾಲೌಟ್ 76 ಹಲವರು ಕೂಡಿ ಆಡುವ ಆಟ. ಅದರಲ್ಲಿ ತಯಾರಕರು ಮಾತನಾಡುವ ಮನುಷ್ಯ ಪಾತ್ರಗಳನ್ನೇ ಇಡಲಿಲ್ಲ. ಯಂತ್ರಗಳು, ಸತ್ತವರು ಬಿಟ್ಟುಹೋದ ಧ್ವನಿಮುದ್ರಿಕೆಗಳು ಮಾತ್ರ. ಲೋಕ ಭಣಭಣ ಎನ್ನುತ್ತಿದೆ ಎಂದು ಆಡುವವರು ದೂರಿದರು. 2020ರ ಏಪ್ರಿಲಿನಲ್ಲಿ ಮನುಷ್ಯರನ್ನು ಮರಳಿ ತರಬೇಕಾಯಿತು.

ಈಗ ಹುಡುಗರೆಲ್ಲ ಕಾಯುತ್ತಿರುವುದು ಫಾಲೌಟ್ 5ಕ್ಕೆ. 2024ರಲ್ಲಿ ಇದೇ ಕಥಾಲೋಕದ ಟಿ.ವಿ. ಧಾರಾವಾಹಿ ಬಂದ ಮೇಲೆ ಕಾಯುವವರು ಇನ್ನೂ ಹೆಚ್ಚಾಗಿದ್ದಾರೆ. ಕಾಯುವುದೆಂದರೆ ಸಾಮಾನ್ಯ ಕಾಯುವುದಲ್ಲ. ಬೆಥೆಸ್ಡಾದ ಟಾಡ್ ಹೊವರ್ಡ್ 2022ರಲ್ಲಿ ಹೇಳಿದ ಪ್ರಕಾರ, ಎಲ್ಡರ್ ಸ್ಕ್ರೋಲ್ಸ್ ಎಂಬ ಇನ್ನೊಂದು ಸರಣಿಯ ಆರನೆಯ ಆಟ ಮುಗಿದ ಮೇಲೆ ಇದರ ಸರದಿ. ಆ ಆರನೆಯ ಆಟವನ್ನು ಘೋಷಿಸಿದ್ದು 2018ರಲ್ಲಿ! "ಫಾಲೌಟ್ 5 ಬರುವಾಗ ನಿನಗೆ ಮದುವೆಯಾಗಿರುತ್ತದೆ" ಎಂದು ಮಗನನ್ನು ಛೇಡಿಸುತ್ತೇನೆ. ಇಂದಿನ ದೊಡ್ಡ ಆಟವೊಂದು ನೂರಾರು ಜನ ವರ್ಷಗಟ್ಟಲೆ ದುಡಿದು ಕಟ್ಟುವ ಊರು. ಪಿಜ್ಜಾ ತರಿಸಿ ನಾಲ್ಕು ಜನರನ್ನು ಕರೆಯುವ ಕಾಲ ಹೋಯಿತು. ಆದರೆ ಬೇರೆ ದಾರಿಗಳೂ ಇವೆ. 2012ರಲ್ಲಿ ಹಳೆಯ ವೇಸ್ಟ್‌ಲ್ಯಾಂಡ್‌ನ ಎರಡನೆಯ ಭಾಗಕ್ಕೆ ಹಣ ಹೂಡುವ ಕಂಪೆನಿ ಸಿಗದಿದ್ದಾಗ, ಆಡುವವರನ್ನೇ ನೇರವಾಗಿ ಕೇಳಿದರು. 61 ಸಾವಿರಕ್ಕೂ ಹೆಚ್ಚು ಮಂದಿ ಸೇರಿ 29 ಲಕ್ಷ ಡಾಲರಿಗಿಂತ ಹೆಚ್ಚು ಕೊಟ್ಟರು. ಇನ್ನೂ ಹುಟ್ಟದ ಆಟಕ್ಕೆ ಮುಂಗಡವಾಗಿ ಕೊಟ್ಟ ಹಣ ಅದು. 2014ರಲ್ಲಿ ಆಟ ಅವರ ಕೈ ಸೇರಿತು.

ಮತ್ತೆ ನನ್ನ ಮಗನ ವಿಷಯಕ್ಕೆ ಬರುತ್ತೇನೆ. ಅಂದು ಪಕ್ಕದಲ್ಲಿ ಕುಳಿತು, "ಊರನ್ನು ಏಕೆ ಸುಟ್ಟೆ?" ಎಂದು ಕೇಳಿದೆ. "ಸುಟ್ಟರೆ ಏನಾಗುತ್ತದೆಂದು ನೋಡಲು" ಎಂದ. ಅವನು ಎರಡು ಗುರುತು ಇಟ್ಟುಕೊಂಡಿದ್ದ. ಒಂದರಲ್ಲಿ ಬಾಂಬ್ ನಿಷ್ಕ್ರಿಯ, ಊರಿಗೆ ಊರೇ ಅವನನ್ನು ಮೆಚ್ಚಿಕೊಂಡಿದೆ. ಇನ್ನೊಂದರಲ್ಲಿ ಊರಿಲ್ಲ. ಅವನು ಆಡುತ್ತಾ ಹೋದದ್ದು ಎರಡನೆಯದನ್ನು. ಬೇಡವೆನ್ನಲು ಬಾಯಿ ಬಂದರೂ ಸುಮ್ಮನಾದೆ. ವೈರು ಕಿತ್ತವಳಿಗೆ ಅಷ್ಟು ಬೇಗ ಎರಡನೆಯ ಸಲ ಬಾಯಿ ತೆರೆಯುವ ಹಕ್ಕಿಲ್ಲ ಎನಿಸಿತು.

ಈ ಆಟ ಆರಂಭವಾಗುವುದೇ ಹುಡುಗನ ಹುಟ್ಟಿನಿಂದ. ಹೆರಿಗೆಯಲ್ಲಿ ತಾಯಿ ತೀರಿಕೊಳ್ಳುತ್ತಾಳೆ. ತಂದೆಯೇ ಅವನನ್ನು ಸಾಕುತ್ತಾನೆ. ಮೊದಲ ಹೆಜ್ಜೆ, ಹತ್ತನೆಯ ಹುಟ್ಟುಹಬ್ಬ, ಹದಿನಾರರ ಪರೀಕ್ಷೆ, ಎಲ್ಲವೂ ಇದೆ. ಹುಡುಗನಿಗೆ ಹತ್ತೊಂಬತ್ತಾದಾಗ ತಂದೆ ಒಂದು ಮಾತೂ ಹೇಳದೆ ಹೊರಟುಹೋಗುತ್ತಾನೆ. ಜನರಿಗೆಲ್ಲ ಶುದ್ಧ ನೀರು ಕೊಡುವ ಕೆಲಸವೊಂದನ್ನು ಅವನು ಅರ್ಧಕ್ಕೆ ಬಿಟ್ಟಿದ್ದ, ಅದನ್ನು ಮುಗಿಸಬೇಕು. ಮಗ ತಂದೆಯನ್ನು ಹುಡುಕುತ್ತಾ ಹೋಗುವುದೇ ಮುಂದಿನ ಕಥೆ. ಮೆಗಾಟನ್ ದಾರಿಯಲ್ಲಿ ಸಿಗುವ ಊರು ಮಾತ್ರ.

ಎರಡು ವಾರ ಕಳೆದಿರಬೇಕು. ನಾನು ಅಡುಗೆಮನೆಯಲ್ಲಿ ಮೀನು ತೊಳೆಯುತ್ತಿದ್ದೆ. ಮಗ ಬಂದು ಬಾಗಿಲಿಗೆ ಒರಗಿ ನಿಂತ. ನಾನು ಕರೆಯದೆಯೇ ಬಂದಿದ್ದ, ಊಟದ ಹೊತ್ತೂ ಆಗಿರಲಿಲ್ಲ.

"ಅಬ್ಬ ಸಿಕ್ಕಿದರು ಉಮ್ಮಾ" ಎಂದ.

ನಮ್ಮವರು ಆಗ ಅಂಗಡಿಯಲ್ಲಿದ್ದರು. ಅರ್ಥವಾಗಲು ಒಂದು ಕ್ಷಣ ಬೇಕಾಯಿತು.

"ಏನು ಹೇಳಿದರು?"

"ಮೆಗಾಟನ್ ವಿಷಯ ಅವರಿಗೆ ಗೊತ್ತಾಗಿದೆ. ಬೈಯಲಿಲ್ಲ. ನಿರಾಶೆಯಾಯಿತು ಅಂದರು."

ನಾನು ಮೀನಿನ ಪಾತ್ರೆಯನ್ನು ಬದಿಗಿಟ್ಟೆ. ಅವನು ಸ್ವಲ್ಪ ಹೊತ್ತು ಅಲ್ಲಿಯೇ ನಿಂತಿದ್ದ.

"ಇನ್ನೊಂದು ಗುರುತು ಇದೆಯಲ್ಲ, ಅದಕ್ಕೆ ಹೋಗಬಹುದಲ್ಲ?" ಎಂದೆ.

"ಹೋಗಬಹುದು" ಎಂದ. "ಆದರೆ ಇದರಲ್ಲಿ ಅವರಿಗೆ ಗೊತ್ತಾಗಿಬಿಟ್ಟಿದೆ."